ಮೈನಸ್ ಎಂಟು

ನಿಮ್ಮಿಟಬೆಲ್ಲಿನ ಈ ಮನೆಗೆ ಕರೆಂಟು ಎಳೆಯಲು
ಕಂಬಗಳಿಗೇ ನಲವತ್ತು ಸಾವಿರ ಡಾಲರು ಎಂದರು.
ಮೂರು ಪ್ಯಾನೆಲ್ ಕೊಂಡೆ, ಸೆಕೆಂಡ್ ಹ್ಯಾಂಡು,
ಕೂಮಾದಲ್ಲಿ ಬಾಗಿಲು ಹಾಕಿದ ಮೋಟೆಲ್ಲೊಂದರ ಮಾಡಿನಿಂದ ಇಳಿಸಿದವು.

ಬೆನ್ನ ಮೇಲಿನ ಚೀಟಿ ಓದಿದೆ: ನಲವತ್ತಾರು ವೋಲ್ಟು.
ಮೂರನ್ನೂ ಕೊಂಡಿಗೆ ಕೊಂಡಿ ಹಾಕಿದರೆ ನೂರ ಮೂವತ್ತೆಂಟು.
ಕಂಟ್ರೋಲರಿನ ಹಣೆಬರಹ: ನೂರೈವತ್ತರವರೆಗೆ.
ಹನ್ನೆರಡು ಮಿಕ್ಕಿತಲ್ಲ ಎಂದು ಬೀಗಿದೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದೆ, ತಪ್ಪೇನು?

ಜನವರಿಯೆಲ್ಲ ಚೆನ್ನಾಗಿಯೇ ಇತ್ತು.
ಮಾಡಿನ ತಗಡು ಹಪ್ಪಳ ಸುಡುವಷ್ಟು ಕಾದ ಮಧ್ಯಾಹ್ನಗಳಲ್ಲಿ
ನಾನೇ ಹೆದರಿ ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದೆ,
ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.
ಬೆಚ್ಚಗಿತ್ತು, ಅಷ್ಟೆ.

ಅದು ಸತ್ತದ್ದು ಜುಲೈಯಲ್ಲಿ,
ಕುರಿಗಳ ತೊಟ್ಟಿಯ ನೀರು ಗಾಜಾಗಿದ್ದ ಬೆಳಿಗ್ಗೆ.
ಹುಲ್ಲು ಕಾಲಡಿ ಕರುಮ್ ಕರುಮ್ ಎನ್ನುತ್ತಿತ್ತು.
ಗುಡ್ಡದ ಭುಜದ ಮೇಲಿಂದ ಸೂರ್ಯ ಇಣುಕಿದ, ಬರಿಯ ಇಣುಕಿದ,
ಒಳಗೆ ಟಪ್ ಅಂತ ಒಂದೇ ಸದ್ದು.
ಆಮೇಲೆ ವಾಸನೆ, ಒಗ್ಗರಣೆ ಸೀದದ್ದಲ್ಲ,
ಪ್ಲಾಸ್ಟಿಕ್ ಬಳೆ ಸುಟ್ಟದ್ದು.

ಸ್ಲಾವ್ಕೋ ಬಂದ. ಅವನಪ್ಪ ಈ ಗುಡ್ಡಗಳ ಹೊಟ್ಟೆಯಲ್ಲಿ
ನೀರಿಗೆ ಸುರಂಗ ಕೊರೆದವನು.
ಮಗ ರಿಟೈರಾದ ಎಲೆಕ್ಟ್ರಿಷಿಯನ್, ಮಾತು ಕಡಿಮೆ.
ಬಿಸಿಲೆಷ್ಟಿತ್ತು ಎಂದು ಕೇಳುತ್ತಾನೆಂದುಕೊಂಡೆ.
"ಚಳಿ ಎಷ್ಟಿತ್ತು?" ಅಂದ.
ಮೈನಸ್ ಎಂಟು.
"ಹ್ಞಾಂ," ಎಂದು ಗೋಡೆಯಿಂದ ಕರಟಿದ ಹಲಗೆ ಬಿಚ್ಚಿ
ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಲೆಕ್ಕ ಇಳಿಸಿದ.

ಇಪ್ಪತ್ತೈದು ಡಿಗ್ರಿಯ ಬೆಚ್ಚನೆ ಕೋಣೆಯಲ್ಲಿ ಅಳೆದ ಅಂಕಿಯಂತೆ ಅದು.
ಅಲ್ಲಿಂದ ಮೂವತ್ತಮೂರು ಮೆಟ್ಟಿಲು ಇಳಿಯಬೇಕು;
ಇಳಿದ ಒಂದೊಂದಕ್ಕೂ ವೋಲ್ಟು ಚೂರು ಚೂರೇ ಏರುತ್ತದೆ.
ನೂರೈವತ್ತೊಂದು ಚಿಲ್ಲರೆ.
ಆ ಚಿಲ್ಲರೆಗೇ ಹೋಯಿತು ನೋಡಿ, ಆರುನೂರು ಡಾಲರಿನ ಯಂತ್ರ.
"ಸೆಕೆಗೆ ಇವು ಸೋಮಾರಿಗಳು," ಅಂದ, "ಚಳಿಗೆ ಪೈಲ್ವಾನರು."

ಹಾಸಿಗೆಯ ಗಾದೆ ಕಟ್ಟಿದವರು
ಚಳಿಗೆ ಕಾಲೇ ಉದ್ದವಾದೀತೆಂದು ಹೇಳಿರಲಿಲ್ಲ.

ಈಗ ಹೊಸ ಪೆಟ್ಟಿಗೆ. ಮೂರೂ ಪಂಕ್ತಿಯಲ್ಲಿ ಕೂತಿವೆ,
ಒಂದರ ಹೆಗಲ ಮೇಲೊಂದು ಹತ್ತಿಲ್ಲ.
ಮೈನಸ್ ಹದಿನೈದಾದರೂ ಐವತ್ತೆರಡು ದಾಟುವುದಿಲ್ಲ.
ಹರಿವು ಮಾತ್ರ ಮೂರು ಪಟ್ಟು; ಅದಕ್ಕೆ ಕಿರುಬೆರಳು ದಪ್ಪದ ತಂತಿ,
ಒಂದೊಂದಕ್ಕೂ ಒಂದು ಫ್ಯೂಸು.

ಇವತ್ತು ಮೈನಸ್ ಒಂಬತ್ತು.
ಕಂಬಳಿ ಹೊದ್ದು ಪೆಟ್ಟಿಗೆಯ ಮುಂದೆ ನಿಂತೆ, ಕತ್ತಲಿರುವಾಗಲೇ.
ಮ್ಯಾಗ್‌ಪೈ ಒಂದು ಗಂಟಲು ಸರಿ ಮಾಡಿಕೊಂಡಿತು.
ಅಂಕಿ ಎದ್ದಿತು: ಮೂವತ್ತು. ನಲವತ್ತೆಂಟು. ಐವತ್ತು.
ಐವತ್ತು ಚಿಲ್ಲರೆ.
ಉಸಿರು ಬಿಟ್ಟದ್ದು ಹೊಗೆಯಾಗಿ ಪರದೆ ಮಬ್ಬಾಯಿತು.
ತೋಳಿನಿಂದ ಒರೆಸಿದರೆ ಮೂವತ್ತೆಂಟಕ್ಕಿಳಿದಿದೆ,
ಕೆಲಸ ಸಿಕ್ಕಿತಲ್ಲ, ಜಂಬ ಇಳಿದಿದೆ.
ಹಿತ್ತಲಲ್ಲಿ ಪಂಪು ಕೆಮ್ಮಿ ಶುರುವಾಯಿತು.

ಆ ಸುಟ್ಟ ಹಲಗೆಯನ್ನು ಎಸೆದಿಲ್ಲ.
ಲೆಕ್ಕ ಮುಂದಾಗಿ, ಕರಿ ಹಿಂದಾಗಿ,
ಥರ್ಮಾಮೀಟರಿನ ಪಕ್ಕದ ಮೊಳೆಗೆ ತಗುಲಿಸಿದ್ದೇನೆ.