ಅಂದು ಮಂಗಳವಾರ

ಆಗ ನಮ್ಮ ಪನಾಮಾದಲ್ಲಿ ಸರ್ಕಾರ ವಾರವನ್ನೇ ಸೀಳಿ ಹಂಚಿತ್ತು:
ಸೋಮ, ಬುಧ, ಶುಕ್ರ ಹೆಂಗಸರಿಗೆ,
ಮಂಗಳ, ಗುರು, ಶನಿ ಗಂಡಸರಿಗೆ,
ಭಾನುವಾರ ಬರೀ ನಾಯಿಗಳಿಗೆ.
ಗುರುತಿನ ಚೀಟಿಯ ಕೊನೆಯ ಅಂಕಿ ನೋಡಿ
ಒಬ್ಬೊಬ್ಬರಿಗೆ ಎರಡೆರಡು ತಾಸು ಬೀದಿ.

ನಾನು ಕೊಲೋನ್ ಪಟ್ಟಣದ ಚೀನೀ ಅಂಗಡಿಯವಳು.
ತಾತ ಕಾಲುವೆ ತೋಡುವ ಕಾಲಕ್ಕೆ ಹಡಗಿಳಿದವನು.
ನನ್ನ ಹೆಸರು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.
ಗಲ್ಲಾಪೆಟ್ಟಿಗೆಯ ಮುಂದೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡು
ಎಲ್ಲರ ಕೊನೆಯ ಅಂಕಿ ಬಾಯಿಪಾಠ ಮಾಡಿದ್ದೆ.
ಯಾರಿಸೆಲ್‌ಳದು ಏಳು. ಗಂಡನದು ಎರಡು.

ಆ ವಾರ ಅವಳು ಮೂರು ಸಲ ಉಪ್ಪು ಕೊಂಡಳು.
ಶುಕ್ರವಾರವೂ ಉಪ್ಪು ಅಂದಾಗ
'ಎಷ್ಟು ಮೀನು ಒಣಗಿಸ್ತೀಯೇ ತಾಯಿ' ಎಂದು ನಕ್ಕುಬಿಟ್ಟೆ.
ಅವಳು ನಗಲಿಲ್ಲ.
'ಬಿಸಿನೀರಿಗೆ ಹಾಕಿ ಬಟ್ಟೆ ಅದ್ದಿ ಒತ್ತಿದರೆ ಬಾವು ಇಳಿಯುತ್ತೆ'
ಅಂದಳು, ಯಾರದೋ ಮನೆಯ ಅಡುಗೆ ಹೇಳುವಂತೆ.
ಮಾಸ್ಕು ಮೂಗು ಬಾಯಿ ಮುಚ್ಚುತ್ತದೆ.
ಕಿವಿಯ ಹಿಂದಕ್ಕೆ ಹರಿದ ನೀಲಿಯನ್ನು
ಅದರ ದಾರ ಮುಚ್ಚುವುದಿಲ್ಲ.

ಮನೆಯಲ್ಲಿರಿ, ಮನೆಯೇ ಕ್ಷೇಮ, ಅನ್ನುತ್ತಿತ್ತು ಟೀವಿ.
ಸಹಾಯಕ್ಕೊಂದು ನಂಬರೂ ಕೆಳಗೆ ಓಡುತ್ತಿತ್ತು.
ಫೋನು ಅವನ ಜೇಬಿನಲ್ಲಿ.
ಅವಳ ದಿನ ಅವನು ಮನೆಯಲ್ಲಿ, ಮಗುವನ್ನು ತೊಡೆಯ ಮೇಲೆ ಹಿಡಿದು
ಗಡಿಯಾರ ನೋಡುತ್ತ.
ಅವನ ದಿನ ಅವನು ಹೊರಗೆ; ಆದರೆ ಬೀದಿ ಅವಳದಲ್ಲ.
ಕಾನೂನು ಬರೆದವರು ಜ್ವರ ಎಣಿಸಿದ್ದರು,
ಇದನ್ನು ಎಣಿಸಿರಲಿಲ್ಲ.

ಚಿಲ್ಲರೆಯ ಜೊತೆ ರಸೀದಿ ಕೊಟ್ಟೆ. ಹಿಂದೆ ಬರೆದಿದ್ದೆ:
ಮಂಗಳವಾರ. ಅಂಕಿ ಎರಡರ ತಾಸು.
ಹಿಂದಿನ ಮೆಟ್ಟಿಲು. ದೊನಾಲ್ದಾಳ ಮೀನಿನ ವ್ಯಾನು.
ಓದಿದಳು. ಮಾಸ್ಕಿನ ಕೆಳಗೆ ತೂರಿಸಿ
ಅಗಿದು ನುಂಗಿದಳು.

ಮಂಗಳವಾರ ಬಂದ ಅವನು.
ಸ್ಯಾನಿಟೈಸರ್ ಹಚ್ಚಿಕೊಂಡ, ಮರ್ಯಾದಸ್ಥ, ಬೆರಳ ಗಂಟುಗಳಿಗೂ.
'ಐದು ಪೌಂಡ್ ಅಕ್ಕಿ.'
ನನ್ನ ಜನ್ಮದಲ್ಲಿ ಅಷ್ಟು ನಿಧಾನ ತೂಗಿದವಳಲ್ಲ.
ಹಿಡಿ ಹಾಕಿದೆ, ಚಿಟಿಕೆ ತೆಗೆದೆ,
ಚೀಲ ತೂತೆಂದು ಬದಲಿಸಿದೆ, ಕನ್ನಡಕ ಒರೆಸಿದೆ,
ನಾಣ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಎಣಿಸಿ, ತಪ್ಪಿ,
ತಾತನ ಹಕ್ಕಾ ಮಾತಿನಲ್ಲಿ ಮೊದಲಿಂದ ಎಣಿಸಿದೆ.
'ಮುದುಕಿ' ಎಂದು ಗೊಣಗಿದ.
ಹೌದಪ್ಪ, ಮುದುಕಿ.
ಕಾಳು ಕಾಳಿಗೂ ಅವಳು ಒಂದೊಂದು ಮೆಟ್ಟಿಲು ಇಳಿಯುತ್ತಿದ್ದಳು,
ಮಗುವಿನ ಚಪ್ಪಲಿ ಕೈಯಲ್ಲಿ ಹಿಡಿದು.

ಮುಂದಿನದು ದೊನಾಲ್ದಾ ಹೇಳಿದ್ದು.
ಹೆದ್ದಾರಿ ಸೇರುವಲ್ಲಿ ತಡೆಗಂಬ, ಒಬ್ಬ ಪೊಲೀಸ್ ಹುಡುಗಿ.
ಐಸಿನ ಪೆಟ್ಟಿಗೆಗಳ ಹಿಂದಕ್ಕೆ ಟಾರ್ಚು ಬಿಟ್ಟಳು.
ಚೀಟಿ ನೋಡಿದಳು. ಮುಖ ನೋಡಿದಳು.
ಬಹಳ ಹೊತ್ತು ಮುಖವನ್ನೇ ನೋಡಿದಳು.
'ಇವತ್ತು ಯಾವ ವಾರ?'
ಯಾರಿಸೆಲ್‌ಗೆ ನಾಲಿಗೆ ಹೊರಳಲಿಲ್ಲ.
ಮಗು ಹೇಳಿತಂತೆ: 'ಬುಧವಾರ.'
ಅಮ್ಮ ಹೊಸ್ತಿಲು ದಾಟಿದ ದಿನವೆಲ್ಲ
ಅದಕ್ಕೆ ಬುಧವಾರವೇ.
'ಹೌದು' ಅಂದಳು ಆ ಹುಡುಗಿ, ಕಂಬ ಎತ್ತುತ್ತ,
'ಬುಧವಾರ.'

ಇಲ್ಲಿ ಅವನು ಅಕ್ಕಿ ಹೊತ್ತು ಹೊರಟ.
ತೂಕ ಸರಿಯಾಗೇ ಇತ್ತು, ಒಂದು ಕಾಳೂ ಕಡಿಮೆ ಕೊಟ್ಟಿಲ್ಲ.
ಗುರುವಾರ ಬಂದು ನನ್ನ ಶೆಟರಿಗೆ ಒದ್ದ; ಆ ಗುಳಿ ಈಗಲೂ ಇದೆ.
ಶುಕ್ರವಾರ ಏಳರ ತಾಸಿಗೆ
ಎರಡು ಮೀಟರ್ ಬಿಟ್ಟು ನಿಂತ ಹೆಂಗಸರ ಸಾಲಿನಲ್ಲಿ
ಒಂದು ಜಾಗ ಖಾಲಿ.
ಯಾರೂ ತುಂಬಲಿಲ್ಲ. ಅದನ್ನು ಹಾಗೇ ನಡುವೆ ಇಟ್ಟುಕೊಂಡು
ಬಾಗಿಲ ತನಕ ಸರಿದರು.
ನಾನು ಉಪ್ಪನ್ನು ಕೆಳಗಿನ ಹಲಗೆಗೆ ಇಳಿಸಿದೆ.