ನೀಲವ್ವ, ನೀ ಕೇಳಿದ್ದಕ್ಕೆ

'ಏನೈತಿ ಹೊಸಾದು ಪುಣೇದಾಗ?' ಅಂದಿ.
ಬಸ್ಸು ಬಂದಿತ್ತು, ಹತ್ತರ ನೋಟು ಹಲ್ಲಿನಲ್ಲಿತ್ತು,
'ಏನಿಲ್ಲ ಬಿಡ' ಅಂದುಬಿಟ್ಟೆ.
ಸುಳ್ಳು. ಈಗ ಕೂತು ಹೇಳುತ್ತೇನೆ,
ಕುಕ್ಕರು ಇಟ್ಟಿದ್ದೇನೆ, ಮೂರು ಸೀಟಿಯಷ್ಟು ಹೊತ್ತಿದೆ.

ಮೊದಲು ಆ ನಾಣ್ಯ.
ನಾಲ್ಕು ವರ್ಷದ ಹುಡುಗ, ಅಳುವುದನ್ನೂ ಮರೆತು
ನನ್ನ ಯಂತ್ರವನ್ನೇ ನೋಡುತ್ತಿದ್ದ.
ಫಿಲ್ಮಿನಲ್ಲಿ ಪಕ್ಕೆಲುಬುಗಳ ಕೆಳಗೆ
ಕತ್ತರಿಸಿ ಅಂಟಿಸಿದ ಹಾಗೆ ಬೆಳ್ಳನೆಯ ಹುಣ್ಣಿಮೆ.
ಹನ್ನೊಂದು ವರ್ಷ ಎಲುಬು ನೋಡಿದವಳು ನಾನು,
ಮುರಿದದ್ದು, ಸವೆದದ್ದು, ನೆರಳು ಹಿಡಿದದ್ದು;
ನೋಡಿ ನಕ್ಕದ್ದು ಇದೇ ಮೊದಲು.
'ಒಂದರದೋ ಎರಡರದೋ?' ಅಂತ ಅವರಪ್ಪ ಕೇಳಿದ,
ಎರಡರದಾದರೆ ಹೆಚ್ಚು ಹೆದರಬೇಕೆಂಬಂತೆ.
ವಾರ್ಡಿನ ಪೋಪಟನೂ ನಾನೂ ಚಹಾ ಪಣ ಕಟ್ಟಿದೆವು.
ಮೂರನೆಯ ದಿನ ಫೋನು ಬಂತು: ಎರಡರದು.
ಗೆದ್ದ ಚಹಾ, ನೀಲವ್ವ, ಶುಂಠಿ ಹಾಕಿದ್ದು,
ಅದರ ರುಚಿಯೇ ಬೇರೆ.

ಎಲ್ಲರೂ ಹೊಗಳುವ ಆ ಮಿಸಳ್ ಮಾತ್ರ ನನಗೆ ಸೇರಲಿಲ್ಲ.
ಒಂದು ತಾಸು ಸಾಲಿನಲ್ಲಿ ನಿಂತು
ಮೂಗು ಸೋರಿಸಿಕೊಂಡು ಬಂದೆ.

ನಾಟಕಕ್ಕೆ ಹೋಗಿದ್ದೆ, ಒಬ್ಬಳೇ, ಕೊನೆಯ ಸಾಲು.
ಮರಾಠಿ ಈಗ ಎಲ್ಲ ತಿಳಿಯುತ್ತದೆ,
ನಗೆ ಮಾತ್ರ ನನ್ನ ತನಕ ನಡೆದುಕೊಂಡು ಬರುತ್ತದೆ,
ಅರ್ಧ ಕ್ಷಣ ತಡ.
ಸಭೆಯೆಲ್ಲ ನಕ್ಕು ಮುಗಿಸಿ ಸುಮ್ಮನಾದ ಮೇಲೆ
ಹಿಂದಿನಿಂದ ನನ್ನದೊಂದು, ಪಾತ್ರೆ ಬಿದ್ದ ಹಾಗೆ.
ಜನ ತಿರುಗಿ ನೋಡಿದರು. ಸೆರಗು ಬಾಯಿಗೆ ತುರುಕಿಕೊಂಡೆ.
ಎರಡನೆಯ ಅಂಕದಲ್ಲಿ ಆ ಮುದಿ ನಟ,
ಮಾವನ ವೇಷದವನು,
ಪ್ರತಿ ನಗೆಯಾದ ಮೇಲೂ ಮುಂದಿನ ಮಾತು ನುಂಗಿಕೊಂಡು
ಕನ್ನಡಕ ಒರೆಸುತ್ತ ಕಾದ.
ನನಗಾಗಿ. ಆಣೆ ಮಾಡಿ ಹೇಳುತ್ತೇನೆ, ನನಗಾಗಿಯೇ.

ಒಂದು ಸೀಟಿ ಆಯಿತು.

ಕೆಳಗಿನ ಮನೆಯ ಢಮಢೇರೆ ಕಾಕುವಿನ ಮೊಮ್ಮಗಳು ಓವಿ
ಬೆಳಗಿನ ಜಾವ ಬಾಗಿಲು ಬಡಿದು
'ಮಾವಶೀ, ನಿನ್ನ ಕಿಟಕಿಯಲ್ಲಿ ಚಿಮಣಿ!' ಅಂದಳು.
ಎದೆ ಧಸಕ್ಕೆಂದಿತು.
ಚಿಮಣಿ ಅಂದರೆ ನಮಗೆ ಗೊತ್ತಲ್ಲ,
ಸೀಮೆಎಣ್ಣೆ, ಮಸಿ ಹಿಡಿದ ಗೋಡೆ,
ಪರೀಕ್ಷೆಯ ಹಿಂದಿನ ರಾತ್ರಿ
ಸುಟ್ಟ ನಿನ್ನ ಮುಂಗೂದಲಿನ ವಾಸನೆ.
ಪರದೆಗೆ ಬೆಂಕಿ ಬಿತ್ತೆಂದು ತಂಬಿಗೆ ಹಿಡಿದು ಓಡಿದೆ.
ನೋಡಿದರೆ ಗುಬ್ಬಿ.
ಇವರಿಗೆ ಗುಬ್ಬಿಯೆಂದರೆ ಚಿಮಣಿ!
ಮೂರು ವರ್ಷ ಈ ಊರಿನಲ್ಲಿದ್ದು
ಈ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ ನೋಡು.
ತಂಬಿಗೆಯ ನೀರು ಅದಕ್ಕೇ ಇಟ್ಟೆ.
ಈಗ ದಿನಾ ಬರುತ್ತದೆ,
ಬತ್ತಿಯಿಲ್ಲದೆ ಉರಿದು
ಊದದೆ ಆರಿ ಹೋಗುತ್ತದೆ.

ಫೋನಿನಲ್ಲಿ ಒಂದು ಸಿನಿಮಾ ಹಚ್ಚಿದ್ದೆ,
ಕಳ್ಳ ಗೋಡೆ ಹತ್ತುವ ಹೊತ್ತಿಗೆ
ಮೂರು ರಾತ್ರಿಯೂ ನಿದ್ದೆ.
ಅವ ಇನ್ನೂ ಗೋಡೆಯ ಮೇಲೇ ಇದ್ದಾನೆ,
ಒಂದು ಕಾಲು ಈಚೆ, ಒಂದು ಆಚೆ.
ಇರಲಿ ಪಾಪ, ಇಳಿಸುವ ಅವಸರ ನನಗೂ ಇಲ್ಲ.

ಮತ್ತೊಂದು. ದವಾಖಾನೆಗೆ ಒಳದಾರಿ ಸಿಕ್ಕಿದೆ,
ಕಸಬಾ ಪೇಠೆಯ ತಾಮ್ರಗಾರರ ಓಣಿ.
ಅಲ್ಲೊಬ್ಬ ಹಂಡೆ ಬಡಿಯುತ್ತಾನೆ,
ಹಂಡೆಗೆ ಮೂರು ಪೆಟ್ಟು, ಬರಿಯ ಅಡಿಗಲ್ಲಿಗೆ ಒಂದು,
ಹಂಡೆಗೆ ಮೂರು, ಮತ್ತೆ ಸುಮ್ಮನೆ ಒಂದು.
ಆ ಒಂದು ಯಾಕೆ ಅಂತ ಕೇಳಿದೆ.
'ಕೈಯೂ ಉಸಿರಾಡಬೇಕಲ್ಲ ಬಾಯಿ'
ಅಂದ, ತಲೆ ಎತ್ತದೆ.
ಅವತ್ತು ಗಾಜಿನ ಹಿಂದೆ ನಿಂತು
'ಉಸಿರು ಹಿಡೀರಿ' ಅಂದು ಗುಂಡಿ ಒತ್ತುವಾಗ ಗಮನಕ್ಕೆ ಬಂತು,
ನಾನೂ ಹಿಡಿಯುತ್ತೇನೆ.
ದಿನಕ್ಕೆ ನಲವತ್ತು ಸಲ.
'ಬಿಡ್ರಿ' ಅಂತ ಅವರಿಗೆ ಹೇಳುತ್ತೇನೆ,
ನನಗೆ ಹೇಳುವವರು ಯಾರು!
ಈಗೀಗ ದನಿ ತುಸು ಎತ್ತರಿಸಿ ಹೇಳುತ್ತೇನೆ,
ಇಬ್ಬರಿಗೂ ಕೇಳುವಷ್ಟು.

ಎರಡನೆಯದು ಯಾವಾಗ ಕೂಗಿತೋ,
ಇದು ಮೂರನೆಯದೇ ಇರಬೇಕು.
ತಡಿ, ಆರಿಸಿ ಬರುತ್ತೇನೆ.
ಅಷ್ಟರಲ್ಲಿ ನಿನ್ನದೊಂದು ನೆನೆಸಿಕೊ.
'ಏನಿಲ್ಲ ಬಿಡ' ಅಂದೀ ಜೋಕೆ.