ಹರಿಯಬಾರದ ಎಲಿ

ಮೊದಲ ದಿನ 'ಹಿಮಾ' ಅಂದ್ರು. ನಾ ನಕ್ಕೆ.
ನಲವತ್ತೇಳು ಡಿಗ್ರಿ ಬಿಸಿಲಾಗ
ಫಲಜ್ ಅಲ್ ಮುಅಲ್ಲಾದ ಹೊರಗ
ಎಲ್ಲೀ ಹಿಮ?
ಅಳತಿ ಮಾಡಾವ, ಸೂಡಾನಿನ ಅತ್ತಯ್ಯಿಬ್, ತಿಳಿಸಿ ಹೇಳಿದ:
ಹಿಮಾ ಅಂದ್ರ ಕಾಯ್ದಿಟ್ಟ ನೆಲ.
ಹಳೇ ಕಾಲದ ಮಾತು. ಈಗ ಅದಕ್ಕೊಂದು ದತ್ತಿ ಐತಿ,
ಒಂದು ಸೀಲು, ಒಂದು ಕಪಾಟು, ಪಗಾರದವರು ನಾಕು ಮಂದಿ.
ನಾಕನೇದವ ನಾನು. ಬೇಲಿಯವ.
ಹೆಸರು ಗೂಳಪ್ಪ. ಇಲ್ಲಿ ಗುಲಾಬ್.
ತಿದ್ದಾಕ ಹೋಗಿಲ್ಲ.

ಉಸುಕಿನ ದಿಬ್ಬದ ಮ್ಯಾಲ ಗಾಫ್ ಗಿಡ, ಇನ್ನೂರಾ ಹದಿನೇಳು,
ಒಂದೊಂದಕ್ಕೂ ತಗಡಿನ ನಂಬರು.
ಒಂಟಿ ಕತ್ತು ಚಾಚಿದಷ್ಟು ಎತ್ತರಕ್ಕ
ಎಲ್ಲಾ ಗಿಡದ ಸೆರಗು ಒಂದ ಸಮ ಕತ್ತರಿಸಿದಾಂಗ.
ಕೆಳಗ ಒಂದೂ ಸಸಿ ಇಲ್ಲ,
ಹುಡುಗರಿಲ್ಲದ ಸಾಲಿ.
ಮುಳ್ಳು ಮುಟ್ಟಿದೆ. ಸಣ್ಣ ಎಲಿ ಮೂಸಿದೆ.
ಯವ್ವಾ, ಇದು ಬನ್ನಿ!
ಹೆಸರು ಬದಲಿಸಿಕೊಂಡು ನಿಂತೈತಿ, ನನ್ನಂಗ.

ನೆಲ ಅಫ್ರಾ ಬಿಂತ್ ಖಲ್ಫಾನಳದು.
ಆಕಿ ಬ್ಯಾಡ ಅಂದ ದರ ಕೇಳಿ
ಬಲೂಚಿ ಡ್ರೈವರ್ ದೋಸ್ತೀನ್ ಸೀಟಿ ಹೊಡೆದ.
ಅತ್ತ ಕಡೆ ಗೋದಾಮು, ಇತ್ತ ಕಡೆ ಗೋದಾಮು,
ನಡುವ ಆಕೀದೊಂದ ತೆರಪು.
ಮಾರಲಿಲ್ಲ. ಪೂರಾ ದಾನಾನೂ ಕೊಡಲಿಲ್ಲ.
ಕಾಗದದಾಗ ಬರಿಸಿದ್ಲು:
ನೆಲ ನನ್ನದು, ನನ್ನ ಮಕ್ಕಳದು, ಅವರ ಮಕ್ಕಳದು,
ಇಟ್ಟಂಗಿ ಇಡೂ ಹಕ್ಕು ಯಾರದೂ ಅಲ್ಲ.
ಬೋರು ಹೊಡಿಯೂ ಹಕ್ಕು ಯಾರದೂ ಅಲ್ಲ.
ಚಳಿಗಾಲದಾಗ ಆಡು ಬರಲಿ, ನಲವತ್ತು. ನಲವತ್ತೊಂದಲ್ಲ.
ಒಂಟಿ ಹೊರಗ.
ಟೊಂಗಿ ಮುರಿಯಬಾರದು, ಒಣಗಿದ್ದೂ.
ಎಲಿ ಹರಿಯಬಾರದು.

ಉತಾರ ನಾ ಭಾಳ ಕಂಡೀನಿ.
ಏನೇನು ಐತಿ ಅಂತ ಬರೀತಾರ ಅದರಾಗ.
ಏನೇನು ಆಗಬಾರದು ಅಂತ ಬರದ ಕಾಗದ
ಇದ ಮೊದಲು.

ಬೆಳಿಗ್ಗೆ ನಾಕಕ್ಕ ಏಳೂದು. ಬೇಲಿ ಗುಂಟ ಆರು ಕಿಲೋಮೀಟರು.
ರಾತ್ರಿ ಗಾಳಿ ಉಸುಕು ತಂದು ತಂತಿ ಹೂಳತೈತಿ,
ಹೂತ ಬೇಲಿ ಮ್ಯಾಲ ಒಂಟಿ ಹಾದು ಬರತೈತಿ
ಪಾವಟಿಗಿ ಹತ್ತಿದಾಂಗ, ಗತ್ತಿನಿಂದ.
ತೋಡೂದು ನನ್ನ ಕೆಲಸ. ಕಂಡದ್ದು ಬರಿಯೂದೂ:
ಬಿಲದ ಬಾಯಾಗ ಮುಳ್ಳುಬಾಲದ ಉಡ.
ಮೊಲದ ಹಿಕ್ಕಿ.
ನರಿ ಹೆಜ್ಜಿ, ಹೋದದ್ದು ಐತಿ, ತಿರುಗಿ ಬಂದದ್ದು ಇಲ್ಲ.
ಪ್ಲಾಸ್ಟಿಕ್ ಚೀಲ ಹನ್ನೊಂದು.
ಜೀಪಿನ ಗಾಲಿ ಗುರುತು, ಫೋಟೋ ತಗದೀನಿ.

ಮೂರನೇ ವರ್ಷ, ಜನವರಿ ಮಳಿ ಮುಗದ ಮ್ಯಾಲ
ಎಂಬತ್ತೆಂಟನೇ ನಂಬರಿನ ಕೆಳಗ
ಬೆರಳುದ್ದದ ಸಸಿ.
ಅತ್ತಯ್ಯಿಬ್ ಮೊಣಕಾಲೂರಿ ಕುಂತ. ಅಳತಿಪಟ್ಟಿ ಕೈಯಾಗ ಹಂಗ ಇತ್ತು.
ದೂರ ನಿಂತ ದೋಸ್ತೀನ್ ಎಂಜಿನ್ ಬಂದ್ ಮಾಡಿದ,
ಮನ್ಯಾಗ ಕೂಸು ಮಲಗೇತಿ ಅನ್ನೂ ಹಾಂಗ.

ಆ ವರ್ಷಾನ, ದಸರಾಕ್ಕ, ತಂಗಿ ಫೋನಿನಾಗ:
'ಬನ್ನಿ ಸಿಗತೈತೇನೋ ಅಣ್ಣಾ ಅಲ್ಲಿ?'
ಇನ್ನೂರಾ ಹದಿನೇಳು ಗಿಡದ ನಡುವ ನಿಂತು
ಇಲ್ಲ ಅಂದೆ.

ಸಂಜೀಕ ಅಫ್ರಾ ಬಂದ್ಲು, ಸಸಿ ನೋಡಾಕ.
ದೋಸ್ತೀನನ ಬಾಯಿಲೆ ಕೇಳಿಸಿದೆ:
ಒಂದ ಎಲಿ.
ಹರದ್ರ ಏನಾಗತೈತಿ ಅದು, ನಿಮ್ಮ ಊರಾಗ?
ಬಂಗಾರ ಆಗತೈತಿ ಅಂದೆ.
ಆಕಿ ನಕ್ಲು, ಬುರ್ಖಾದ ಒಳಗ ಕಣ್ಣು ಸಣ್ಣ ಆದ್ವು.
ಹಂಗಾದ್ರ ಗಿಡದಾಗ ಇರಲಿ, ಅಂದ್ಲು.

ಮರುದಿನ ಬೇಲಿಯ ಹೊರಗ, ಉಸುಕಿನಾಗ,
ಗಾಳಿ ಮುರದು ಒಗದ ಒಂದು ಕುಡಿ.
ಹೊರಗಿಂದಕ್ಕ ಕಾಗದ ಇಲ್ಲ. ಎತ್ತಿಕೊಂಡೆ.
ಕೊಡಾಕ ಯಾರದಾರ ಅಂತ ಸುತ್ತ ನೋಡಿದೆ.
ತಂತಿಗೆ ಕತ್ತು ಒರಗಿಸಿ ನಿಂತಿತ್ತು ಬಾಜೂದವರ ಒಂಟಿ,
ನಾ ದಿನಾ ಬೈದು ಅಟ್ಟೂ ಒಂಟಿ.
ಬನ್ನಿ ತಗೊಂಡು ಬಂಗಾರದಾಂಗ ಇರೋಣು, ಅಂದೆ.
ತಿರುಗಿ ಏನೂ ಕೊಡಲಿಲ್ಲ ಅದು.
ತಿಂತು. ತಿಂದು
ಒಳಗಿನ ಗಿಡದ ಕಡೆ ನೋಡಿತು.